ಹಳೆಯ ಇಟ್ಟಿಗೆ ಗೋಡೆಗೆ ಎಂಥ ಹೊದಿಕೆ?

ಮನೆಯವರು: ಬೆಂಗಳೂರು, ಮೈಸೂರುಗಳ ಹಳೆಯ ಇಟ್ಟಿಗೆ ಮನೆಗಳ ಹೊರಗೋಡೆಗೆ ಅಂಗಡಿಯಲ್ಲಿ ಸಿಕ್ಕ ಪೇಂಟ್ ಬಳಿಯಬಾರದು, ಆವಿ ಹೋಗಲು ಬಿಡುವ ಲೇಪವೇ ಆಗಬೇಕು ಎನ್ನುತ್ತಾರೆ. ಹೊಸ ಮನೆಗಿಲ್ಲದ ಈ ಕಟ್ಟುಪಾಡು ಹಳೆಯದಕ್ಕೇಕೆ ಸಾರ್?

ಎಂಜಿನಿಯರ್: ಎರಡೂ ಇಟ್ಟಿಗೆಯ ಗೋಡೆಗಳೇ. ಆದರೆ ನೀರಿನ ವಿಷಯದಲ್ಲಿ ಎರಡರ ನಡವಳಿಕೆ ಬೇರೆ. 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮೊದಮೊದಲ ಮನೆಗಳನ್ನು ಕಟ್ಟುವಾಗ ಸಿಮೆಂಟ್ ಇನ್ನೂ ಅಪರೂಪದ ಸಾಮಾನು. ಗೂಡಿನಲ್ಲಿ ಸುಟ್ಟ ಇಟ್ಟಿಗೆ, ಕೂಡಿಸಲು ಸುಣ್ಣದ ಗಾರೆ ಅಥವಾ ಬರೀ ಮಣ್ಣು, ಮೇಲೆ ಸುಣ್ಣದ ಗಿಲಾವು. ಗಾರೆಗೆ ಮರಳಿನೊಂದಿಗೆ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿಯೂ ಇತ್ತು. ಗೋಡೆ ಒಂಬತ್ತು ಇಂಚು, ಹದಿಮೂರೂವರೆ ಇಂಚು, ಕೆಲವೆಡೆ ಹದಿನೆಂಟು ಇಂಚು ದಪ್ಪ. ತಳಪಾಯದ ಮೇಲೆ ತೇವ ತಡೆಯುವ ಡಿ.ಪಿ.ಸಿ. ಪದರ ಬಹುಪಾಲು ಮನೆಗಳಲ್ಲಿ ಇರುವುದಿಲ್ಲ. ಹೀಗಾಗಿ ನೆಲದ ತೇವ ಸ್ವಲ್ಪ ಮೇಲೇರುತ್ತದೆ, ಮಳೆಯ ನೀರು ಸ್ವಲ್ಪ ಒಳಗಿಳಿಯುತ್ತದೆ, ಬಿಸಿಲು ಗಾಳಿ ಬಂದಾಗ ಎಲ್ಲವೂ ಆರಿಹೋಗುತ್ತದೆ. ಬಂದ ನೀರಿಗೆ ಹೋಗುವ ದಾರಿ ಇದ್ದುದರಿಂದಲೇ ಆ ಗೋಡೆಗಳು ನೂರು ವರ್ಷ ಬಾಳಿವೆ. ಈಗಿನ ಮನೆಯಲ್ಲಿ ಡಿ.ಪಿ.ಸಿ., ಸಿಮೆಂಟ್ ಗಾರೆ, ಕಾಂಕ್ರೀಟ್ ಚೌಕಟ್ಟು ಎಲ್ಲ ಸೇರಿ ಮೊದಲಿಗೇ ನೀರನ್ನು ದೂರವಿಡುತ್ತವೆ. ಆ ಗೋಡೆಗೆ ಆರುವ ಕೆಲಸವೇ ಕಡಿಮೆ.

ಮನೆಯವರು: ಗೋಡೆ ಉಸಿರಾಡುತ್ತದೆ ಎಂದರೆ ಗಾಳಿ ಒಳಗೆ ಹೊರಗೆ ಓಡಾಡುತ್ತದೆ ಎಂದೇ?

ಎಂಜಿನಿಯರ್: ಗಾಳಿಗೆ ಕಿಟಕಿ ಇದೆ. ಗೋಡೆಯೊಳಗೆ ನಡೆಯುವುದು ನೀರಿನ ಸಂಚಾರ, ಅದೂ ಎರಡು ಬಗೆಯಲ್ಲಿ. ಗೋಡೆ ಚೆನ್ನಾಗಿ ನೆಂದಿರುವಾಗ ಸುಣ್ಣದ ಗಾರೆಯ ಸೂಕ್ಷ್ಮ ರಂಧ್ರಗಳು ನೀರನ್ನು ನೀರಾಗಿಯೇ ಹೊರಮೈಗೆ ಎಳೆದು ತರುತ್ತವೆ. ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ತತ್ವದ ಮೇಲೆ. ಹೀಗೆ ಬಂದದ್ದು ಗಾಳಿಗೆ ಬೇಗ ಆರುತ್ತದೆ. ಮೇಲ್ಮೈ ಒಣಗಿದ ಮೇಲೆ ಉಳಿದ ನೀರು ಆವಿಯಾಗಿ ನಿಧಾನಕ್ಕೆ ದಾಟುತ್ತದೆ. ಪೇಂಟ್ ಡಬ್ಬಿಗಳ ಮೇಲೆ ಬರೆದಿರುವುದು ಈ ಎರಡನೆಯದರ ಬಗ್ಗೆ ಮಾತ್ರ, ಮೊದಲನೆಯದರ ಮಾತನ್ನು ಯಾರೂ ಎತ್ತುವುದಿಲ್ಲ. ಹಳೆಯ ಗೋಡೆಗೆ ಎರಡೂ ಮುಖ್ಯ.

ಮನೆಯವರು: ಯಾವ ಲೇಪ ಎಷ್ಟು ಆವಿ ಬಿಡುತ್ತದೆ ಎಂದು ಅಳೆಯಲು ಸಾಧ್ಯವೇ?

ಎಂಜಿನಿಯರ್: ಸಾಧ್ಯ. ಯುರೋಪಿನ ಮಾನದಂಡಗಳಲ್ಲಿ ಎಸ್‌ಡಿ ಎಂಬ ಮೌಲ್ಯವಿದೆ. ಒಂದು ಪದರ ಆವಿಗೆ ಒಡ್ಡುವ ತಡೆ ಎಷ್ಟು ದಪ್ಪದ ನಿಶ್ಚಲ ಗಾಳಿಯ ತಡೆಗೆ ಸಮ ಎಂಬುದನ್ನು ಅದು ಮೀಟರಿನಲ್ಲಿ ಹೇಳುತ್ತದೆ. ಇಎನ್ 1062ರ ಪ್ರಕಾರ 0.14 ಮೀಟರಿಗಿಂತ ಕಡಿಮೆ ಇದ್ದರೆ ಆ ಲೇಪ ಆವಿಗೆ ಚೆನ್ನಾಗಿ ತೆರೆದಿದೆ ಎಂದರ್ಥ, 1.4 ಮೀಟರಿಗಿಂತ ಹೆಚ್ಚಿದ್ದರೆ ಹೆಚ್ಚುಕಡಿಮೆ ಮುಚ್ಚಿದೆ ಎಂದರ್ಥ. ಸುಣ್ಣದ ಬಳಿತ, ಸಿಲಿಕೇಟ್ ಪೇಂಟ್ ಇವೆರಡೂ ಮೊದಲ ಗುಂಪಿನ ಕೆಳತುದಿಯಲ್ಲಿ, ಕೆಲವೇ ಸೆಂಟಿಮೀಟರಿನಷ್ಟರಲ್ಲಿ ನಿಲ್ಲುತ್ತವೆ. ಸಾಮಾನ್ಯ ಅಕ್ರಿಲಿಕ್ ಎಮಲ್ಷನ್ ನಡುವಿನ ಗುಂಪಿಗೆ ಸೇರುತ್ತದೆ. ಬಿರುಕು ಮುಚ್ಚಲು ದಪ್ಪಗೆ ಹೊಡೆಯುವ, ಹಿಗ್ಗಿ ಕುಗ್ಗುವ ಇಲಾಸ್ಟೊಮೆರಿಕ್ ಲೇಪಗಳು ಮೂರನೆಯ ಗುಂಪಿನ ಹತ್ತಿರ ಹೋಗುತ್ತವೆ. ಗೋಡೆಯ ಮೇಲೆ ಈಗಾಗಲೇ ನಾಲ್ಕೈದು ಸಲ ಎಮಲ್ಷನ್ ಹೊಡೆದಿದ್ದರೆ ಅವೆಲ್ಲದರ ತಡೆಯನ್ನೂ ಕೂಡಿಸಬೇಕು. ಹೊಸ ಡಬ್ಬಿಯ ಲೆಕ್ಕ ಆ ಡಬ್ಬಿಗೆ ಮಾತ್ರ.

ಮನೆಯವರು: ಮುಚ್ಚಿದರೆ ಆಗುವ ಹಾನಿ ಏನು? ಸಿಮೆಂಟ್ ಪ್ಲಾಸ್ಟರ್ ಮಾಡಿ ವೆದರ್‌ಪ್ರೂಫ್ ಪೇಂಟ್ ಹೊಡೆದ ಹಳೆಯ ಮನೆಗಳು ಬೇಕಾದಷ್ಟಿವೆ.

ಎಂಜಿನಿಯರ್: ಅವುಗಳ ಬುಡವನ್ನು ನೋಡಬೇಕು. ನೆಲದಿಂದ ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಪೇಂಟ್ ಮೊದಲು ಗುಳ್ಳೆಗಳಾಗಿ ಉಬ್ಬುತ್ತದೆ. ಗುಳ್ಳೆಯನ್ನು ಉಗುರಿನಿಂದ ಒಡೆದರೆ ಬಿಳಿ ಪುಡಿ ಉದುರುತ್ತದೆ. ಚಕ್ಕೆಯನ್ನು ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಗಾರೆಯ ತೆಳ್ಳನೆಯ ಪದರವೊಂದು ಅಂಟಿಕೊಂಡೇ ಬಂದಿರುತ್ತದೆ, ಅಂದರೆ ಪೇಂಟ್ ಬಿಟ್ಟಿಲ್ಲ, ಅದರ ಹಿಂದಿನ ಗಾರೆ ಸತ್ತಿದೆ. ಸಿಮೆಂಟ್ ಪ್ಲಾಸ್ಟರನ್ನು ಬೆರಳ ಗಿಣ್ಣಿನಿಂದ ಕುಟ್ಟಿದರೆ ಟೊಳ್ಳು ಸದ್ದು. ಕಿತ್ತರೆ ಹಿಂದಿನ ಇಟ್ಟಿಗೆಯ ಮುಖ ಕೆಂಪು ಪುಡಿಯಾಗಿ ಅಂಗೈಗೆ ಬರುತ್ತದೆ. ಆ ಬಿಳಿ ಪುಡಿ ಮಣ್ಣಿನಿಂದ ನೀರಿನ ಜೊತೆ ಏರಿ ಬಂದ ಉಪ್ಪು. ನೀರು ಎಲ್ಲಿ ಆರುತ್ತದೋ ಅಲ್ಲಿ ಉಪ್ಪು ಹರಳಾಗುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಅದು ಹೊರಮೈಗೆ ಬಂದು ಪೊರಕೆಗೆ ಸಿಗುತ್ತದೆ. ಮುಚ್ಚಿದ ಗೋಡೆಯಲ್ಲಿ ಪೇಂಟಿನ ಹಿಂದೆ, ಇಟ್ಟಿಗೆಯ ರಂಧ್ರಗಳೊಳಗೇ ಹರಳಾಗಿ ಬೆಳೆದು ಇಟ್ಟಿಗೆಯನ್ನು ಒಳಗಿಂದ ಒಡೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇದೇ ಒಡೆಯುವ ಕೆಲಸವನ್ನು ಹೆಪ್ಪುಗಟ್ಟುವ ನೀರೂ ಮಾಡುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಇನ್ನೊಂದು ಸುತ್ತು ವಾಟರ್‌ಪ್ರೂಫಿಂಗ್, ಇಲ್ಲವೇ ಬುಡಕ್ಕೆ ಟೈಲ್ಸ್. ಆಗ ಆರಲು ಜಾಗವಿಲ್ಲದ ತೇವ ಟೈಲ್ಸಿನ ಅಂಚು ದಾಟಿ ಇನ್ನೂ ಮೇಲಕ್ಕೇರುತ್ತದೆ, ಅಥವಾ ಒಳಗೋಡೆಗೆ ತಿರುಗಿ ಬೀರುವಿನ ಹಿಂದೆ ಬೂಷ್ಟು ಹಿಡಿಸುತ್ತದೆ. ಸಿಮೆಂಟ್ ಪ್ಲಾಸ್ಟರಿನದು ಮತ್ತೊಂದು ದೋಷ. ಅದು ಗಡಸು, ಹಳೆಯ ಗೋಡೆ ಮೆದು. ಬಿಸಿಲಿಗೆ ಮಳೆಗೆ ಗೋಡೆ ಅಲುಗಾಡಿದಾಗ ಸುಣ್ಣ ಜೊತೆಗೆ ಒಗ್ಗುತ್ತದೆ, ಸಿಮೆಂಟ್ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಮಳೆಯ ನೀರು ಸಲೀಸಾಗಿ ಒಳಗೆ ಹೋಗುತ್ತದೆ, ಹೊರಬರಲು ಆ ಕೂದಲೆಳೆಯ ದಾರಿ ಸಾಲುವುದಿಲ್ಲ.

ಮನೆಯವರು: ಸರಿ, ತೇವದ ಮಾತು ಆಯಿತು. ಶಾಖ ತಡೆಯುವ ಲೇಪ ಎಂಬುದು ಬೇರೆಯೇ ವಿಷಯವಲ್ಲವೇ?

ಎಂಜಿನಿಯರ್: ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಶಾಖವನ್ನು ತಡೆಯುವುದು ರಂಧ್ರಗಳಲ್ಲಿ ನಿಂತ ಗಾಳಿ. ಗಾಳಿಯ ಉಷ್ಣವಾಹಕತೆ ಸುಮಾರು 0.025, ನೀರಿನದು ಸುಮಾರು 0.6. ರಂಧ್ರದಲ್ಲಿದ್ದ ಗಾಳಿಯನ್ನು ನೀರು ಹೊರದೂಡಿದರೆ ಆ ಜಾಗದಲ್ಲಿ ಶಾಖ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ದಾಟುತ್ತದೆ. ನೆಂದ ಗೋಡೆಯ ಮೇಲೆ ಶಾಖನಿರೋಧಕ ಹಚ್ಚಿ ಮುಚ್ಚುವುದೆಂದರೆ ಇದ್ದ ತಡೆಯನ್ನೂ ಕಳೆದುಕೊಂಡಂತೆ. ಗೋಡೆಯನ್ನು ಒಣಗಿಸುವುದೇ ಶಾಖ ತಡೆಯುವ ಕೆಲಸದ ಮೊದಲ ಹೆಜ್ಜೆ.

ಮನೆಯವರು: ಥರ್ಮಲ್ ಪೇಂಟ್ ಎಂದು ಮಾರುತ್ತಾರಲ್ಲ, ಟೊಳ್ಳು ಸೆರಾಮಿಕ್ ಗುಳಿಗೆಗಳಿರುವುದು. ಎರಡು ಕೋಟ್ ಸಾಕು ಎನ್ನುತ್ತಾರೆ.

ಎಂಜಿನಿಯರ್: ಲೆಕ್ಕ ಹಾಕಿಯೇ ನೋಡಬಹುದು ಮೇಡಂ. ಎರಡೂ ಬದಿ ಗಿಲಾವು ಮಾಡಿದ ಒಂಬತ್ತು ಇಂಚಿನ ಒಣ ಇಟ್ಟಿಗೆ ಗೋಡೆಯ ಯು-ಮೌಲ್ಯ ಸುಮಾರು 2. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಲ್ಲಿ 2 ವ್ಯಾಟ್ ಶಾಖ ದಾಟುತ್ತದೆ. ಎರಡು ಕೋಟ್ ಪೇಂಟ್ ಒಣಗಿದಾಗ ಅರ್ಧ ಮಿಲಿಮೀಟರ್ ದಪ್ಪ ಎಂದೇ ಹಿಡಿಯೋಣ. ಅದು ನಿಶ್ಚಲ ಗಾಳಿಯಷ್ಟೇ ಒಳ್ಳೆಯ ನಿರೋಧಕ ಎಂದೂ ಉದಾರವಾಗಿ ಒಪ್ಪಿಕೊಳ್ಳೋಣ. ಆಗಲೂ ಯು-ಮೌಲ್ಯ 2ರಿಂದ 1.92ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ ಗೋಡೆಗೆ ಉಷ್ಣವಾಹಕತೆ 0.07 ಇರುವ ಪರ್ಲೈಟ್-ಸುಣ್ಣದ ಗಿಲಾವನ್ನು 40 ಮಿಲಿಮೀಟರ್ ದಪ್ಪಕ್ಕೆ ಹಚ್ಚಿದರೆ 0.93ಕ್ಕೆ ಇಳಿಯುತ್ತದೆ, ಅರ್ಧಕ್ಕಿಂತ ಕಡಿಮೆ. ಶಾಖನಿರೋಧಕ್ಕೆ ದಪ್ಪ ಬೇಕೇ ಬೇಕು. ಕೂದಲಿನಷ್ಟು ತೆಳು ಪೊರೆಗೆ ಆ ಕೆಲಸ ಹೊರಿಸುವುದು ಸರಿಯಲ್ಲ.

ಮನೆಯವರು: ಆದರೂ ಅಂಥ ಪೇಂಟ್ ಹೊಡೆಸಿದವರು ಮನೆ ತಂಪಾಯಿತು ಎನ್ನುತ್ತಾರೆ.

ಎಂಜಿನಿಯರ್: ಅದೂ ನಿಜವೇ, ಕಾರಣ ಮಾತ್ರ ಬೇರೆ. ಆ ಪೇಂಟ್ ಬಿಳಿ. ಸಂಜೆ ನಾಲ್ಕಕ್ಕೆ ಪಶ್ಚಿಮದ ಗೋಡೆಯ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ ಎಂದುಕೊಳ್ಳಿ. ಗಾಢ ಬಣ್ಣದ ಗೋಡೆ ಅದರಲ್ಲಿ ಶೇ. 70ನ್ನು ಹೀರಿಕೊಂಡರೆ ಹೊರಮೈ ಗಾಳಿಗಿಂತ ಸುಮಾರು 21 ಡಿಗ್ರಿ ಹೆಚ್ಚು ಬಿಸಿಯಾದಂತೆ ನಡೆದುಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಗೋಡೆ ಶೇ. 20ನ್ನು ಹೀರಿಕೊಂಡರೆ ಆ ಹೆಚ್ಚಳ 6 ಡಿಗ್ರಿ. ಈಗ ಒಳಗೆ ದಾಟುವ ಶಾಖ ನೋಡಿ. ಗಾಢ ಬಣ್ಣದ ಬರಿಯ ಗೋಡೆಯಲ್ಲಿ 42 ವ್ಯಾಟ್. ಗಾಢ ಬಣ್ಣವನ್ನೇ ಉಳಿಸಿ 40 ಮಿಲಿಮೀಟರ್ ನಿರೋಧಕ ಗಿಲಾವು ಮಾಡಿದರೆ ಸುಮಾರು 20. ಗಿಲಾವೇನೂ ಇಲ್ಲದೆ ಬರೀ ಬಿಳಿ ಬಳಿದರೆ 12. ಎರಡೂ ಇದ್ದರೆ 5 ಅಥವಾ 6. ದಪ್ಪ ಗೋಡೆಯಲ್ಲಿ ಈ ಶಾಖ ಒಳಮುಟ್ಟಲು ಆರೇಳು ಗಂಟೆ ಹಿಡಿಯುವುದರಿಂದ ಇದು ಸ್ಥೂಲ ಲೆಕ್ಕ, ಆದರೆ ದಿಕ್ಕು ಸರಿಯಾಗಿದೆ. ನಾಲ್ಕರ ಬಿಸಿಲು ರಾತ್ರಿ ಹತ್ತು ಹನ್ನೊಂದಕ್ಕೆ ಮಲಗುವ ಕೋಣೆಯಲ್ಲಿ ಸೆಕೆಯಾಗಿ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಬೆಂಗಳೂರಿನ ಹವೆಯಲ್ಲಿ ಬಿಸಿಲು ಬೀಳುವ ಗೋಡೆಗೆ ಬಿಳಿ ಸುಣ್ಣ ಮಾಡುವ ಉಪಕಾರವನ್ನು ದುಬಾರಿ ಪದಾರ್ಥಗಳೂ ಸುಲಭಕ್ಕೆ ಮೀರಿಸಲಾರವು. ಹಿಂದಿನವರು ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುತ್ತಿದ್ದುದರಲ್ಲಿ ಈ ಲಾಭವೂ ಅಡಗಿತ್ತು, ಏಕೆಂದರೆ ಕೊಳೆ ಹಿಡಿದ ಬಿಳಿ ಅಷ್ಟು ಬಿಸಿಲನ್ನು ಹಿಂದಿರುಗಿಸುವುದಿಲ್ಲ.

ಮನೆಯವರು: ಹಾಗಾದರೆ ನಿರೋಧಕ ಗಿಲಾವು ಯಾರಿಗೆ ಬೇಕು?

ಎಂಜಿನಿಯರ್: ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಕಾಲದ ಒಂಬತ್ತು ಇಂಚಿನ ಗೋಡೆಯ ಮನೆಗಳು ಸಾಲುಸಾಲಾಗಿವೆ, ಅಂಥ ಮನೆಗಳಲ್ಲಿ ಈಗ ಕನ್ನಡಿಗರೂ ಇದ್ದಾರೆ. ಚಳಿಗಾಲದಲ್ಲಿ ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಇದ್ದರೆ ಚದರ ಮೀಟರಿಗೆ 30 ವ್ಯಾಟ್ ಶಾಖ ಹಗಲೂ ರಾತ್ರಿ, ತಿಂಗಳುಗಟ್ಟಲೆ ಸೋರುತ್ತದೆ. ಅಲ್ಲಿ ಬಣ್ಣ ಏನನ್ನೂ ಮಾಡದು, ದಪ್ಪವೇ ಬೇಕು. ಅಡುಗೆ, ಸ್ನಾನಗಳ ಆವಿ ಬೆಚ್ಚಗಿನ ಒಳಗಿನಿಂದ ತಣ್ಣನೆಯ ಹೊರಮೈ ಕಡೆಗೆ ಹೊರಡುತ್ತದೆ. ಹೊರಪದರ ಮುಚ್ಚಿದ್ದರೆ ಅದರ ಹಿಂದೆಯೇ ನೀರಾಗಿ ಕೂರುತ್ತದೆ. ಶಾಖ ತಡೆಯುತ್ತಲೇ ಆವಿ ಬಿಡುವ ಗಿಲಾವುಗಳಿಗೆ ಅಂಥ ಹವೆಯಲ್ಲಿ ಬೇಡಿಕೆ ಹುಟ್ಟಿದ್ದು ಸಹಜ. ನಮ್ಮ ಕರಾವಳಿಯಲ್ಲಿ ದಿಕ್ಕು ತಿರುಗುತ್ತದೆ. ಏ.ಸಿ. ಹಾಕಿದ ಕೋಣೆ ತಣ್ಣಗೆ, ಹೊರಗಿನ ಗಾಳಿ ಬಿಸಿ ಮತ್ತು ತೇವ. ಆವಿ ಹೊರಗಿನಿಂದ ಒಳಕ್ಕೆ ಬಂದು ಒಳಗಿನ ಎನಾಮೆಲ್ ಅಥವಾ ವಿನೈಲ್ ಪದರದ ಹಿಂದೆ ಕೂರುತ್ತದೆ. ಹಾಗಾಗಿ ಅಲ್ಲಿ ಒಳಬದಿಯೂ ತೆರೆದಿರಬೇಕು.

ಬಯಲುಸೀಮೆಯಲ್ಲಿ ಬಿಸಿಲಿಗೆ ಒಡ್ಡಿದ, ನೆರಳು ಮಾಡಲಾಗದ ಪಶ್ಚಿಮದ ಗೋಡೆಗೆ, ಏ.ಸಿ. ನಡೆಯುವ ಕೋಣೆಯ ಗೋಡೆಗೆ ನಿರೋಧಕ ಗಿಲಾವು ಹೊಂದುತ್ತದೆ. ನಾಲ್ಕೂ ಸುತ್ತು ಮಾಡಿಸುವ ಖರ್ಚು ಇದ್ದರೆ ಮೊದಲು ಮಾಳಿಗೆಯ ಕಡೆ ನೋಡುವುದು ವಾಸಿ. ಮಾರ್ಚ್-ಏಪ್ರಿಲಿನಲ್ಲಿ ಒಂದಂತಸ್ತಿನ ಮನೆಗೆ ನೆತ್ತಿಯ ಬಿಸಿಲೇ ಹೆಚ್ಚು.

ಮನೆಯವರು: ಈಗ ಪದಾರ್ಥಗಳನ್ನು ಒಂದೊಂದಾಗಿ ಹೇಳಿ.

ಎಂಜಿನಿಯರ್: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ತೆರೆದದ್ದು ಸುಣ್ಣದ ಬಳಿತ. ಚೆನ್ನಾಗಿ ಅರಳಿಸಿ ಸೋಸಿದ ಸುಣ್ಣವನ್ನು ತೆಳ್ಳಗೆ, ಮೂರು ನಾಲ್ಕು ಕೈ ಬಳಿಯಬೇಕು. ಗೋಡೆಯನ್ನು ಮೊದಲು ನೀರು ಹೊಡೆದು ನೆನೆಸಿರಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಸುಣ್ಣಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು. ಕೈಗೆ ಅಂಟಬಾರದೆಂದು ಬಿಳಿ ಅಂಟನ್ನು ಧಾರಾಳವಾಗಿ ಸುರಿಯುವ ಅಭ್ಯಾಸ ಈಗ ಹರಡಿದೆ. ಹೆಚ್ಚಾದರೆ ಅದು ಸುಣ್ಣದ ಗುಣವನ್ನೇ ಕೆಡಿಸುತ್ತದೆ.

ಸಿಲಿಕೇಟ್ ಪೇಂಟ್ ಹೆಚ್ಚು ಬಾಳಿಕೆಯದು. ಜರ್ಮನಿಯ ಬವೇರಿಯಾದಲ್ಲಿ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಪೊಟ್ಯಾಸಿಯಂ ಸಿಲಿಕೇಟ್ ಗಾರೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದರಿಂದ ಪೊರೆಯಾಗಿ ಸುಲಿಯುವುದಿಲ್ಲ. ಆದರೆ ಅದಕ್ಕೆ ಸುಣ್ಣ, ಸಿಮೆಂಟ್, ಇಟ್ಟಿಗೆಯಂಥ ಖನಿಜ ಮೈಯೇ ಬೇಕು. ಹಳೆಯ ಎಮಲ್ಷನ್ ಮೇಲೆ ಹೊಡೆದರೆ ಬೆಸೆದುಕೊಳ್ಳಲು ಏನೂ ಸಿಗದು.

ಸಿಲಿಕೋನ್ ರೆಸಿನ್ ಪೇಂಟ್ ಮಳೆಯ ಹನಿಯನ್ನು ಉರುಳಿಸುತ್ತದೆ, ಆವಿಯನ್ನು ಬಿಡುತ್ತದೆ. ಮಳೆ ಬಡಿಯುವ ಮೇಲ್ಭಾಗದ ಗೋಡೆಗೆ ಬಹಳ ಒಳ್ಳೆಯದು. ಉಪ್ಪಿರುವ ಬುಡಕ್ಕೆ ಮಾತ್ರ ಬೇಡ. ನೀರು ನೀರಾಗಿ ಹೊರಮೈಗೆ ಬರುವ ದಾರಿಯನ್ನು ಅದು ತಡೆಯುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ.

ಇನ್ನು ನಿರೋಧಕ ಗಿಲಾವುಗಳು. ಇಲ್ಲಿ ಮರಳಿನ ಬದಲು ಗಾಳಿ ತುಂಬಿದ ಹಗುರ ಕಾಳು. ಪರ್ಲೈಟ್ ಎಂಬುದು ಜ್ವಾಲಾಮುಖಿಯ ಗಾಜು; ಬಿಸಿ ಮಾಡಿದಾಗ ಅದರೊಳಗಿನ ನೀರು ಆವಿಯಾಗಿ ಕಾಳು ಹಲವು ಪಟ್ಟು ಉಬ್ಬುತ್ತದೆ. ಪೋರ್ಚುಗಲ್ಲಿನ ಕಡೆ ಓಕ್ ಮರದ ತೊಗಟೆಯ ಕಾರ್ಕ್, ಫ್ರಾನ್ಸಿನಲ್ಲಿ ಸೆಣಬಿನಂತೆ ನಾರು ಕೊಡುವ ಹೆಂಪ್ ಗಿಡದ ದಂಟಿನ ಚೂರು ಬಳಸುತ್ತಾರೆ. ಸ್ವಿಟ್ಜರ್ಲೆಂಡಿನ ಎಂಪಾ ಸಂಶೋಧನಾ ಸಂಸ್ಥೆ ಹಳೆಯ ಕಟ್ಟಡಗಳಿಗೆಂದೇ ಏರೋಜೆಲ್ ಗಿಲಾವನ್ನು ರೂಪಿಸಿದೆ. ಅದರ ಉಷ್ಣವಾಹಕತೆ 0.03ರ ಆಸುಪಾಸು, ಬೆಲೆ ಮಾತ್ರ ಸಾಮಾನ್ಯ ಮನೆಗೆ ಎಟುಕದ್ದು. ಯುರೋಪಿನ ಇಎನ್ 998 ಮಾನದಂಡ ಉಷ್ಣವಾಹಕತೆ 0.1 ಅಥವಾ ಕಡಿಮೆ ಇದ್ದರೆ ಟಿ1, 0.2ರವರೆಗೆ ಟಿ2 ಎಂದು ವಿಂಗಡಿಸುತ್ತದೆ. ಚೀಲದ ಮೇಲೆ ಟಿ1 ಎಂದಿದೆಯೇ, ಬಂಧಕ ಸುಣ್ಣವೋ ಸಿಮೆಂಟೋ ಎಂದು ಓದಿ ಕೊಳ್ಳಬೇಕು. ಥರ್ಮೋಕೋಲ್ ಕಾಳು ಹಾಕಿದ ಸಿಮೆಂಟ್ ಮಿಶ್ರಣವೂ ಹಗುರ ಗಿಲಾವೆಂದೇ ಮಾರಾಟವಾಗುತ್ತದೆ.

ಮನೆಯವರು: ಸುಣ್ಣ ಎಂದರೆ ಯಾವ ಸುಣ್ಣ? ಎಲ್ಲ ಚೀಲವೂ ಒಂದೇ ತರಹ ಕಾಣುತ್ತದೆ.

ಎಂಜಿನಿಯರ್: ಭಾರತೀಯ ಮಾನಕ ಐಎಸ್ 712 ಕಟ್ಟಡದ ಸುಣ್ಣವನ್ನು ವರ್ಗ ಮಾಡಿದೆ. ಎ ವರ್ಗದ್ದು ನೀರಿನಲ್ಲೇ ಚೆನ್ನಾಗಿ ಗಟ್ಟಿಯಾಗುವ ಸುಣ್ಣ, ಬಿ ವರ್ಗದ್ದು ಅರೆಬರೆ, ಸಿ ವರ್ಗದ್ದು ಗಾಳಿಯಿಂದಲೇ ಗಟ್ಟಿಯಾಗುವ ಕೊಬ್ಬಿದ ಸುಣ್ಣ. ಗಿಲಾವಿನ ತಳಪದರಕ್ಕೆ ಬಿ, ಮೇಲಿನ ನಯಪದರಕ್ಕೂ ಬಳಿತಕ್ಕೂ ಸಿ. ಸಿ ವರ್ಗದ್ದನ್ನೇ ತಳಪದರಕ್ಕೂ ಬಳಸುವುದಾದರೆ ಸುರ್ಕಿ ಬೆರೆಸಬೇಕು. ಸುರ್ಕಿಗೆ ಹದವಾಗಿ ಅಥವಾ ತುಸು ಕಡಿಮೆ ಸುಟ್ಟ ಇಟ್ಟಿಗೆಯ ಪುಡಿಯೇ ಸರಿ. ಅತಿಯಾಗಿ ಸುಟ್ಟು ಕಪ್ಪಿಟ್ಟ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಕೂಡದೆ ಬರೀ ಮರಳಾಗಿ ಉಳಿಯುತ್ತದೆ.

ಮನೆಯವರು: ಇಷ್ಟು ತೆರೆದ ಲೇಪಗಳು ಮಳೆಗೆ ತಡೆಯುತ್ತವೆಯೇ?

ಎಂಜಿನಿಯರ್: ಮಳೆಯಲ್ಲಿ ಹೀರಿದ್ದು ಹೊಳವಾದಾಗ ಆರಬೇಕು, ಅದೇ ಅಳತೆ. ಜರ್ಮನಿಯ ಡಿಐಎನ್ 4108 ಮಾನದಂಡ ಇದಕ್ಕೊಂದು ಸರಳ ಸೂತ್ರ ಕೊಡುತ್ತದೆ. ಲೇಪ ನೀರು ಹೀರುವ ಪ್ರಮಾಣವನ್ನು ಅದರ ಎಸ್‌ಡಿ ಮೌಲ್ಯದಿಂದ ಗುಣಿಸಿದರೆ 0.2ನ್ನು ಮೀರಬಾರದು. ಹೆಚ್ಚು ಹೀರುವ ಸುಣ್ಣ ಬೇಗ ಆರುವುದರಿಂದ ಪಾಸಾಗಬಹುದು. ಬಿರುಕು ಬಿಟ್ಟ ಇಲಾಸ್ಟೊಮೆರಿಕ್ ಲೇಪ ಹೀರುವುದೂ ಹೌದು, ಆರದಿರುವುದೂ ಹೌದು. ವರ್ಷಕ್ಕೆ ಒಂದು ಮೀಟರಿನ ಒಳಗೆ ಮಳೆ ಬೀಳುವ ಬೆಂಗಳೂರಿನಲ್ಲಿ ಸಜ್ಜಾ, ಚಾಚಿದ ಸೂರು ಇದ್ದರೆ ಸುಣ್ಣಕ್ಕೆ ಕಷ್ಟವಿಲ್ಲ. ಮೂರು ಮೀಟರಿಗೂ ಮೀರಿ ಸುರಿಯುವ ಕರಾವಳಿ, ಮಲೆನಾಡುಗಳಲ್ಲಿ ಗಾಳಿ ಹೊಡೆಯುವ ದಿಕ್ಕಿಗೆ ಸಿಲಿಕೋನ್ ರೆಸಿನ್ ಅಥವಾ ಸಿಲಿಕೇಟ್ ಬೇಕಾಗುತ್ತದೆ, ಸೂರಂತೂ ಇರಲೇಬೇಕು.

ಮನೆಯವರು: ಗೋಡೆಯ ಮೇಲೆ ಈಗ ಏನಿದೆ ಎಂದು ತಿಳಿಯುವುದು ಹೇಗೆ?

ಎಂಜಿನಿಯರ್: ಒಣ ಗೋಡೆಗೆ ಬೆರಳಿನಿಂದ ನೀರು ಚಿಮುಕಿಸಿ. ಮೈ ಕೂಡಲೇ ಕಪ್ಪಾಗಿ ನೀರನ್ನು ಕುಡಿದರೆ ಸುಣ್ಣ ಅಥವಾ ಸಿಲಿಕೇಟ್. ಹನಿ ಉರುಳಿ ಹೋದರೆ ಅಕ್ರಿಲಿಕ್, ಎನಾಮೆಲ್ ಅಥವಾ ಸಿಲಿಕೋನ್. ಇಷ್ಟರಿಂದಲೇ ಮುಚ್ಚಿದೆ ಎಂದು ತೀರ್ಮಾನಿಸಲಾಗದು, ಏಕೆಂದರೆ ಸಿಲಿಕೋನ್ ರೆಸಿನ್ ಹನಿಯನ್ನು ಉರುಳಿಸಿಯೂ ಆವಿಯನ್ನು ಬಿಡುತ್ತದೆ. ಆಗ ಬ್ಲೇಡಿನಿಂದ ಕೆರೆದು ನೋಡಬೇಕು. ಪುಡಿಯಾದರೆ ಖನಿಜ ಲೇಪ, ಸಿಪ್ಪೆಯಂತೆ ಸುರುಳಿ ಬಿದ್ದರೆ ಪ್ಲಾಸ್ಟಿಕ್ ಪೊರೆ.

ಮನೆಯವರು: ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು?

ಎಂಜಿನಿಯರ್: ನೀರಿನ ಮೂಲದಿಂದ. ಸೋರುವ ಮಾಳಿಗೆ, ಒಡೆದ ಪೈಪು, ಗೋಡೆಗೆ ಒತ್ತಿ ಏರಿಸಿದ ಅಂಗಳದ ಮಣ್ಣು ಅಥವಾ ಕಾಂಕ್ರೀಟು, ಗೋಡೆಯ ಬುಡದ ಹೂವಿನ ಮಡಿ, ಇವುಗಳನ್ನು ಸರಿಪಡಿಸದೆ ಯಾವ ಲೇಪಕ್ಕೂ ದುಡ್ಡು ಹಾಕಬಾರದು. ಆಮೇಲೆ ಟೊಳ್ಳಾದ ಸಿಮೆಂಟ್ ಪ್ಲಾಸ್ಟರನ್ನು ಕೀಳಬೇಕು. ಇಟ್ಟಿಗೆಯ ಮುಖವನ್ನೇ ಹಿಡಿದು ಬರುವಷ್ಟು ಗಟ್ಟಿಯಾಗಿದ್ದ ಕಡೆ ಬಲವಂತ ಬೇಡ, ಅಲ್ಲಿ ಪೇಂಟ್ ಮಾತ್ರ ತೆಗೆದರೆ ಸಾಕು. ಸಂದುಗಳಲ್ಲಿ ಸತ್ತ ಗಾರೆಯನ್ನು ಕೆರೆದು ಸುಣ್ಣದ ಗಾರೆ ತುಂಬಬೇಕು. ನಂತರ ಕಾಯಬೇಕು. ನೆಂದ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಹಳೆಯ ಕಟ್ಟಡಗಳ ಕೆಲಸದಲ್ಲಿ ನಡೆದುಬಂದ ಸ್ಥೂಲ ಲೆಕ್ಕ. ಬಿಸಿಲು ಗಾಳಿ ಎರಡೂ ಬದಿ ಸಿಕ್ಕಿದರೆ ಬೇಗ ಆಗಬಹುದು. ಮನೆಯವರಿಗೂ ಕಂಟ್ರಾಕ್ಟರಿಗೂ ಸಹನೆ ತಪ್ಪುವುದು ಇಲ್ಲಿಯೇ, ಆತುರಕ್ಕೆ ಕೆಲಸ ಕೆಡುವುದೂ ಇಲ್ಲಿಯೇ.

ಗಿಲಾವನ್ನು ಒಂದೇ ಬಾರಿಗೆ ದಪ್ಪವಾಗಿ ಎರಚಬಾರದು. ಮೊದಲು ತೆಳ್ಳನೆಯ ಒರಟು ಪದರ, ಅದು ಬಿಗಿದ ಮೇಲೆ ನಿರೋಧಕ ಗಿಲಾವು ಎರಡು ಮೂರು ಪದರವಾಗಿ, ಕೊನೆಗೆ ಸುಣ್ಣದ ನಯಪದರ. ಪರ್ಲೈಟ್ ಕಾಳು ಸುಲಭವಾಗಿ ಪುಡಿಯಾಗುವುದರಿಂದ ಮಿಕ್ಸರಿನಲ್ಲಿ ಹೆಚ್ಚು ಹೊತ್ತು ತಿರುಗಿಸಬಾರದು, ಕರಣೆಯಿಂದ ಒತ್ತಿ ಉಜ್ಜಲೂ ಬಾರದು. ನೇರ ಬಿಸಿಲಿಗೆ ಗೋಣಿತಾಟು ಕಟ್ಟಿ ನೆನೆಸುತ್ತಿರಬೇಕು. ಮಳೆಗಾಲ ಮುಗಿದ ನವೆಂಬರಿನಿಂದ ಫೆಬ್ರುವರಿಯವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಗೋಡೆ 40 ಮಿಲಿಮೀಟರ್ ದಪ್ಪವಾಗುವುದರಿಂದ ಕಿಟಕಿಯ ಹೊಸ್ತಿಲು, ಸಜ್ಜಾದ ಅಂಚು, ಮಳೆನೀರಿನ ಪೈಪುಗಳನ್ನು ಮೊದಲೇ ಹೊರಕ್ಕೆ ತರಬೇಕು. ಸುಂದರವಾಗಿ ಪಾಯಿಂಟಿಂಗ್ ಮಾಡಿದ ಕೆಂಪಿಟ್ಟಿಗೆಯ ಮುಂಭಾಗ, ಗಾರೆಯ ಹೂಬಳ್ಳಿ ಇರುವ ಕಂಬ, ಕಮಾನುಗಳ ಮೇಲೆ ಈ ದಪ್ಪ ಹೊದಿಕೆ ಹಾಕಬಾರದು. ಅಲ್ಲಿ ಸುಣ್ಣದ ಬಳಿತ ಅಥವಾ ಏನೂ ಇಲ್ಲದಿರುವುದೇ ಸರಿ.

ಮನೆಯವರು: ಬುಡಕ್ಕೂ ಇದೇ ಗಿಲಾವೇ?

ಎಂಜಿನಿಯರ್: ಬೇಡ. ನಿರೋಧಕ ಗಿಲಾವನ್ನು ನೆಲದಿಂದ ಒಂದಡಿಯಾದರೂ ಮೇಲೆ ನಿಲ್ಲಿಸಬೇಕು. ಮಣ್ಣಿಗೆ ತಗುಲಿದರೆ ಅದೇ ನೀರನ್ನು ಮೇಲೆ ಕರೆದೊಯ್ಯುತ್ತದೆ. ಬುಡದಲ್ಲಿ ಸುಣ್ಣ-ಸುರ್ಕಿಯ ಸಾದಾ ಗಿಲಾವು, ಮೇಲೆ ಸುಣ್ಣದ ಬಳಿತ. ಉಪ್ಪನ್ನು ತನ್ನೊಳಗೆ ಎಳೆದುಕೊಂಡು ಕೆಲವು ವರ್ಷಗಳಲ್ಲಿ ಪುಡಿಯಾಗುವುದೇ ಆ ಗಿಲಾವಿನ ಕೆಲಸ. ಪುಡಿಯಾದಾಗ ಕೆರೆದು ಹೊಸದಾಗಿ ಹಚ್ಚಬೇಕು, ಇಟ್ಟಿಗೆ ಉಳಿಯುತ್ತದೆ. ಉದುರಿದ ಉಪ್ಪಿನ ಪುಡಿಯನ್ನು ಒಣಗಿದ್ದಾಗಲೇ ಗುಡಿಸಿ ಅಂಗಳದಿಂದ ಹೊರಗೆ ಹಾಕಬೇಕು. ನೀರು ಹೊಯ್ದು ತೊಳೆದರೆ ಅದೇ ಉಪ್ಪು ಕರಗಿ ಮತ್ತೆ ತಳಪಾಯಕ್ಕೆ ಇಳಿಯುತ್ತದೆ.